ಬಂದೆ, ಬಂದೆ

"ಬಂದೆ ಸಾರ್, ಬಂದೆ" ಎಂದು ಪ್ಲಂಬರ್ ಫೋನಿನಲ್ಲಿ ನಾಲ್ಕನೆಯ ಸಲ ಹೇಳಿದಾಗ ಗಂಟೆ ಮೂರೂಕಾಲು. ಬಚ್ಚಲುಮನೆಯಲ್ಲಿ ಒಡೆದ ಪೈಪಿಗೆ ಹಳೇ ಟವೆಲ್ ಸುತ್ತಿ, ಅದನ್ನು ಎರಡೂ ಕೈಯಲ್ಲಿ ಅದುಮಿಕೊಂಡು ನಿಂತಿದ್ದವರು ಮೇಷ್ಟ್ರ ಹೆಂಡತಿ. ನಾಲ್ಕರ ಬಸ್ಸು ಹಿಡಿಯಬೇಕು. ಮಗಳು ಹೆತ್ತು ಹದಿನೆಂಟು ದಿನವಾದರೂ ಮೊಮ್ಮಗಳ ಮುಖ ಇನ್ನೂ ನೋಡಿಲ್ಲ. ಆ ಊರಿಗೆ ದಿನಕ್ಕೆ ಒಂದೇ ಬಸ್ಸು. ಮೊನ್ನೆ ತಪ್ಪಿತು, ನಿನ್ನೆಯೂ ತಪ್ಪಿತು. ಎರಡು ಸಲವೂ ಮೇಷ್ಟ್ರು "ಇದೋ ಹೊರಟೆವು" ಎನ್ನುತ್ತಲೇ ತಪ್ಪಿಸಿದ್ದರು.

ಈಗ ಮೇಷ್ಟ್ರು ನಡುಮನೆಯಲ್ಲಿ ಕೂತು ಫೋನಿನಲ್ಲೇ ಪ್ಲಂಬರನಿಗೆ ಪಾಠ ಶುರುಮಾಡಿದ್ದರು. ಮೂವತ್ತೈದು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದವರು. ನಿವೃತ್ತರಾದರೇನು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

"ಬಂದೆ ಅನ್ನೋದು ಭೂತಕಾಲ ಕಣಯ್ಯ. ನೀನು ಬಂದಾಗಿದ್ರೆ ನನ್ನ ಕಣ್ಣಿಗೆ ಯಾಕೆ ಕಾಣ್ತಿಲ್ಲ? ಇನ್ನೂ ಬರದವನು ಬರ್ತೀನಿ ಅನ್ನಬೇಕು."

ಮೇಷ್ಟ್ರ ಕಿವಿ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲೇ. ಪ್ಲಂಬರನ ಉತ್ತರ ಬಚ್ಚಲಿನ ತನಕ ಕೇಳಿಸಿತು. "ಬರ್ತೀನಿ ಅಂದ್ರೆ ಜನ ಬೇರೆಯವರನ್ನ ಕರೀತಾರೆ ಸಾರ್. ಬಂದೆ ಅಂದ್ರೆ ಕಾಯ್ತಾರೆ."

ಎಷ್ಟು ಸತ್ಯದ ಮಾತು ಅನ್ನಿಸಿತು ಆಕೆಗೆ. ಮದುವೆಯಾದಾಗಿನಿಂದ ತಾವು ಕಾದದ್ದೂ ಹೀಗೆಯೇ ತಾನೆ.

"ರೀ, ಮೇಲೆ ಹೋಗಿ ಟ್ಯಾಂಕಿನ ವಾಲ್ವ್ ತಿರುಗಿಸಿ ಅಂತ ಅರ್ಧ ಗಂಟೆಯಿಂದ ಬಡ್ಕೋತಿದ್ದೀನಿ."

"ಇದೋ, ಎದ್ದೆ" ಎಂದರು ಮೇಷ್ಟ್ರು.

ಎದ್ದಿದ್ದರೆ ಕುರ್ಚಿ ಕಿರುಗುಟ್ಟಬೇಕಿತ್ತು. ಅದರ ಬದಲು ವರ್ತಮಾನಕಾಲದ ಪಾಠ ಕೇಳಿಸಿತು. ಮೂರೂವರೆಯಾಯಿತು. ಆಕೆಯ ತೋಳು ಮರಗಟ್ಟಿತು. ಭವಿಷ್ಯತ್ಕಾಲದ ಪಾಠವೂ ಮುಗಿಯುವವರೆಗೆ ಕೂತರೆ ಮೊಮ್ಮಗಳು ಶಾಲೆಗೇ ಸೇರಿಬಿಡುತ್ತಾಳೆ!

ಆಕೆ ಟವೆಲ್ ಬಿಟ್ಟುಬಿಟ್ಟರು. ನೀರು ಎದುರಿನ ಗೋಡೆಗೆ ಚಿಮ್ಮಿತು. ಕೈ ಒರೆಸಿಕೊಂಡು ಬಂದು, ಮೂರು ದಿನದಿಂದ ಬಾಗಿಲ ಬಳಿ ಕೂತಿದ್ದ ಚೀಲವನ್ನು ಹೆಗಲಿಗೇರಿಸಿ, ಮೇಷ್ಟ್ರ ಬೆನ್ನಿಗೆ ಹೇಳಿದರು: "ನಾನು ಹೊರಟೆ."

"ಹ್ಞೂಂ, ಹ್ಞೂಂ" ಎಂದರು ಮೇಷ್ಟ್ರು, ತಲೆಯನ್ನೂ ತಿರುಗಿಸದೆ. ಆ ಮನೆಯಲ್ಲಿ ಹೊರಟೆ ಎಂದರೆ ಇನ್ನೂ ಒಂದು ಗಂಟೆ ಇದೆ ಎಂದೇ ಅರ್ಥ.

ನಾಲ್ಕರ ಬಸ್ಸು ನಿಲ್ದಾಣ ಬಿಟ್ಟು ಹೊರಡುವಾಗ ಆಕೆಗೆ ಮೇಷ್ಟ್ರ ಫೋನು ಬಂತು. ನೀರು ಮೇಷ್ಟ್ರ ಬುಡಕ್ಕೇ ಬಂದಿತ್ತು. ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತಿದ್ದಾರಂತೆ, ಪ್ಲಂಬರ್ ಇನ್ನೂ ಬಂದೆ ಬಂದೆ ಅನ್ನುತ್ತಲೇ ಇದ್ದಾನಂತೆ. "ಎಲ್ಲಿದ್ದೀಯೇ? ಬೇಗ ಬಾರೇ ಮಾರಾಯ್ತಿ."

ಮೇಷ್ಟ್ರ ಹೆಂಡತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿ ಪಕ್ಕದ ಸೀಟಿಗೆ ಹಾಯಾಗಿ ಒರಗಿದರು.

"ಬಂದೆ ರೀ, ಬಂದೆ."