ಏಳನೇ ರೆಕಾರ್ಡರಿನ ಮೃಗ

"ಆ ಕೆಂಪು ಸಾಲು ಮೊದಲು ಅಳಿಸು," ಎಂದರು ನಿರ್ದೇಶಕರು.

ಕಾಡಿನ ಸದ್ದು ಹಿಡಿಯಲು ಮರಗಳಿಗೆ ಕಟ್ಟಿದ ರೆಕಾರ್ಡರುಗಳಿಂದ ಫೈಲುಗಳು ತಾವಾಗಿಯೇ ಬಂದು ಕಚೇರಿಯ ಕಂಪ್ಯೂಟರಿನಲ್ಲಿ ರಾಶಿ ಬೀಳುತ್ತಿದ್ದವು. ಅವಕ್ಕೆ ಜಾಗ, ದಿನಾಂಕ ನೋಡಿ ಹೆಸರಿಟ್ಟು ಜೋಡಿಸಲು ಕಂಪ್ಯೂಟರ್ ವಿಭಾಗದಾಕೆ ಒಂದು ಟೂಲ್ ಬರೆದಿದ್ದಳು. ವಿವರ ಬಿಟ್ಟುಹೋದ ಕಡೆ ಅದು ಕೆಂಪು ಸಾಲು ಎಳೆದು ತೋರಿಸುತ್ತಿತ್ತು. ಅದನ್ನು ಕಂಡರೆ ನಿರ್ದೇಶಕರಿಗೆ ಆಗದು. ಕಾಡಿನ ಮುಖವನ್ನೇ ನೋಡದ ಟೂಲು ತಮ್ಮಂಥವರ ಮೇಲೆ ತಕರಾರು ತೆಗೆಯುವುದೇ?

"ಅಳಿಸೋಕೆ ಬರಲ್ಲ ಸರ್. ಏಳನೇ ರೆಕಾರ್ಡರ್ ಎಲ್ಲಿ ಕಟ್ಟಿದ್ದಾರೆ ಅಂತ ಯಾರೂ ತುಂಬಿಲ್ಲ," ಎಂದಳು ಆಕೆ.

"ಆಳದ ಕಣಿವೆ ಅಂತ ಹಾಕು. ಬ್ಯಾಟರಿ ಹಾಕಿ ಆನ್ ಮಾಡಿದ್ದು ನಾನೇ. ತಗೊಂಡು ಹೋಗಿ ಕಟ್ಟಿ ಅಂತ ಹೇಳಿದ್ದೂ ನಾನೇ."

"ಯಾರಿಗೆ ಹೇಳಿದ್ರಿ?"

ಇದೆಂಥ ಪ್ರಶ್ನೆ! ಹೇಳಿದ ಮೇಲೆ ಕೆಲಸ ಆಯಿತೆಂದೇ ಲೆಕ್ಕ. ಯಾರಿಗೆಂದು ನೆನಪಿಟ್ಟುಕೊಳ್ಳಲು ಅವರೇನು ಗುಮಾಸ್ತರೇ?

"ಅದರಲ್ಲಿ ಮನುಷ್ಯರ ಮಾತೇ ಜಾಸ್ತಿ ಇತ್ತು ಸರ್. ಜನರ ಖಾಸಗಿ ಮಾತು ಇಟ್ಕೋಬಾರ್ದು ಅನ್ನೋ ನಿಯಮದ ಪ್ರಕಾರ ಅದನ್ನೆಲ್ಲ ಟೂಲ್ ತಾನೇ ಅಳಿಸಿಬಿಟ್ಟಿದೆ."

"ಸೌದೆ ಆಯೋರು. ಕಾಡಿಗೆ ಹೋದ್ರೂ ಅವರ ಬಾಯಿ ಸುಮ್ನಿರಲ್ಲ."

ಮಾತು ಅಳಿಸಿದ ಮೇಲೆ ಉಳಿದದ್ದು ಒಂದು ವಿಚಿತ್ರ ಕೂಗು. ತಗ್ಗು ದನಿಯಲ್ಲಿ ಗುರ್ರೆಂದು ಶುರುವಾಗಿ, ಮೇಲೇರಿ, ನಡುವೆ ಸಿಕ್ಕಿಕೊಂಡು, ಸೀಟಿಯಂತೆ ಮುಗಿಯುತ್ತಿತ್ತು. ಹಿಂದೆ ಬಿಡದೆ ಬೀಸುವ ಗಾಳಿ. ಆಗಾಗ ಒಣಕೊಂಬೆಯೊಂದು ಕಿರ್ರೆನ್ನುತ್ತಿತ್ತು. ಇದು ಯಾರೂ ಕಂಡಿರದ ಹೊಸ ಮೃಗವೆಂದು ನಿರ್ದೇಶಕರು ತೀರ್ಮಾನಿಸಿದ್ದರು. ಅದು ಕೂಗುವುದು ಮಧ್ಯಾಹ್ನ ಮಾತ್ರ. ಭಾನುವಾರ ಸದ್ದೇ ಇಲ್ಲ. ವಾರಕ್ಕೊಮ್ಮೆ ಅದು ತನ್ನ ಗಡಿ ಸುತ್ತಲು ಹೋಗುತ್ತದೆಂದು ನಿರ್ದೇಶಕರು ವರದಿಯಲ್ಲಿ ಬರೆದು ಬೀಗಿದ್ದರು.

ಬರುವ ತಿಂಗಳು ಅವರಿಗೆ ನಿವೃತ್ತಿ. ನಿನ್ನೆ ಮೊನ್ನೆ ಬಂದವರ ಹೆಸರು ಅವರು ಹೊಸದಾಗಿ ಕಂಡುಹಿಡಿದ ಹಲ್ಲಿಗೆ, ಜೀರುಂಡೆಗೆ ಅಂಟಿತ್ತು. ಅವರ ಹೆಸರು ಒಂದು ಕಪ್ಪೆಗೂ ಇಲ್ಲ. ಈ ಮೃಗ ಕೈಬಿಟ್ಟರೆ ಹಾರ ಹಾಕಿ, ಚಪ್ಪಾಳೆ ತಟ್ಟಿ, ಮರೆತುಬಿಡುತ್ತಾರೆ.

"ನಾಳೆ ಸಭೇಲಿ ಈ ಕೂಗು ಕೇಳಿಸೋಕೆ ಮುಂಚೆ ಏಳನೇದು ಎಲ್ಲಿದೆ ಅಂತ ಒಂದ್ಸಲ ಹುಡುಕಲಾ ಸರ್?"

"ಹೊಟ್ಟೆಕಿಚ್ಚಿಗೆ ಔಷಧ ಇಲ್ಲಮ್ಮ. ಹೋಗು, ನನಗೆ ಯೋಚನೆ ಮಾಡೋದಿದೆ."

ಊಟವಾದ ಮೇಲೆ ಕಣ್ಣು ಮುಚ್ಚಿ ಯೋಚಿಸುವುದು ಅವರ ರೂಢಿ. ಆಗ ಬಾಗಿಲು ತಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಫ್ಯಾನು ಜೋರು ಮಾಡಿ, ಬೆಲ್ಟು ಸಡಿಲಿಸಿ, ಹಿಂದಕ್ಕೆ ಒರಗಿದರು. ಕುರ್ಚಿ ಕಿರ್ರೆಂದಿತು. ಕಪಾಟಿನ ಮೇಲೆ ಹಳೆಯ ವರದಿಗಳ ಹಿಂದೆ ಎಂಥದೋ ಹಸಿರು ದೀಪ ಮಿಣುಕುತ್ತಿತ್ತು. ಜವಾನ ಏನೋ ಇಟ್ಟಿರಬೇಕು, ಅವನಿಗೊಂದು ಅಚ್ಚುಕಟ್ಟಿಲ್ಲ.

ಮರುದಿನ ಸಭಾಂಗಣ ತುಂಬಿತ್ತು. ಬಲವಂತಕ್ಕೆ ಬಂದ ಅವರ ಹೆಂಡತಿ ಮೊದಲ ಸಾಲಿನಲ್ಲಿ, ಮುಖ್ಯ ಅತಿಥಿಯ ಪಕ್ಕದಲ್ಲೇ ಕೂತಿದ್ದರು. ಗಂಡನ ಭಾಷಣ ಶುರುವಾದ ಸ್ವಲ್ಪ ಹೊತ್ತಿಗೆ ಅವರಿಗೆ ತೂಕಡಿಕೆ ಹತ್ತಿತು.

"ಟೂಲುಗಳಿಗೆ ಕಿವಿ ಇರುವುದಿಲ್ಲ," ಎಂದು ನಿರ್ದೇಶಕರು ಭಾಷಣ ಮುಗಿಸಿದರು. "ಈಗ ನಿಮ್ಮ ಕಿವಿಯಿಂದಲೇ ಕೇಳಿ."

ದೀಪ ಆರಿತು. ಉಸಿರು ಬಿಟ್ಟರೂ ಕೇಳುವಂಥ ಮೌನದಲ್ಲಿ ಮೃಗ ಗುರ್ರೆಂದಿತು, ಮೇಲೇರಿತು, ಸೀಟಿ ಹೊಡೆಯಿತು. ವಿದ್ವಾಂಸರೆಲ್ಲ ಭಕ್ತಿಯಿಂದ ತಲೆ ಬಾಗಿಸಿದರು.

ಹೆಂಡತಿ ಕಣ್ಣು ತೆರೆಯದೆ, ಪಕ್ಕದಲ್ಲಿದ್ದ ಮುಖ್ಯ ಅತಿಥಿಯನ್ನು ಮೊಣಕೈಯಿಂದ ತಿವಿದು, ಇಡೀ ಸಭೆಗೆ ಕೇಳುವಂತೆ ಗೊಣಗಿದರು: "ರೀ, ಮಗ್ಗುಲು ಬದಲಿಸಿ ಮಲಗಿ."