ಹತ್ತನೆಯ ಪದ

ಊರು ಕಡಲಡಿ ಹೋಗಿ ಎರಡು ವರ್ಷವಾಯಿತು. ಎಲ್ಲರಂತೆ ನಾವು ಯೆಹೂದಿಗಳೂ ದೋಣಿಮನೆಗಳಲ್ಲಿದ್ದೇವೆ. ಪ್ರಾರ್ಥನಾ ಮಂದಿರವೂ ಮುಳುಗಿದ್ದರಿಂದ ಸಂಜೆ ದೋಣಿಗಳನ್ನೇ ಹಗ್ಗದಿಂದ ಒಂದಕ್ಕೊಂದು ಬಿಗಿದು ಪ್ರಾರ್ಥಿಸುತ್ತಾರೆ. ಹತ್ತು ಜನ ಸೇರದೆ ಸತ್ತವರ ಪ್ರಾರ್ಥನೆ ಹೇಳುವಂತಿಲ್ಲ. ಮುಳುಗಡೆಯ ನಂತರ ಹೆಂಗಸರೂ ಲೆಕ್ಕಕ್ಕುಂಟು. ಆದರೆ ನಮ್ಮಲ್ಲಿ ತಲೆ ಎಣಿಸಬಾರದು. ಅದಕ್ಕೆ ಹತ್ತು ಪದಗಳ ಒಂದು ಹೀಬ್ರೂ ವಾಕ್ಯವನ್ನು ಆಳಿಗೊಂದು ಪದದಂತೆ ಹೇಳುತ್ತಾ ಹೋಗುತ್ತೇವೆ.

ನಾನು ಸೇರುವುದನ್ನು ಬಿಟ್ಟು ಬಹಳ ದಿನವಾಗಿತ್ತು. ದಿನವಿಡೀ ಉಪ್ಪುನೀರು ಸೋಸುವ ಪಂಪು ತುಳಿದು ಬಂದವಳಿಗೆ ಕಾಲು ಚಾಚಿದರೆ ಸಾಕಾಗಿರುತ್ತದೆ. ಅಲ್ಲದೆ, ಇವರ ಪ್ರಾರ್ಥನೆಯಿಂದ ಒಂದು ಗೇಣು ನೀರಾದರೂ ಇಳಿದಿತ್ತೇ?

ಅಂದು ಹನೋಕ್ ಅಜ್ಜನ ಹೆಂಡತಿ ತೀರಿಕೊಂಡಿದ್ದಳು. ಮಲಗಿದ್ದಲ್ಲೇ ಕೇಳಿಸಿಕೊಂಡೆ: ದೋಣಿಯಿಂದ ದೋಣಿಗೆ ಒಂಬತ್ತು ಪದ ಸಾಗಿ ನಿಂತವು. ಯಾರೂ ನನ್ನ ಹೆಸರು ಕೂಗಲಿಲ್ಲ. ಅಜ್ಜ ಮತ್ತೆ ಮೊದಲಿನಿಂದ ಶುರು ಮಾಡಿದ. ಮತ್ತೆ ಒಂಬತ್ತಕ್ಕೇ ನಿಂತಿತು. ಅಜ್ಜ ಮೂರನೆಯ ಸಲ ಶುರು ಮಾಡಿದ, ಒಂಬತ್ತನೆಯ ಪದವೂ ಬಂತು.

ಹತ್ತನೆಯ ಪದವನ್ನು ನಾನು ಮಲಗಿದ್ದಲ್ಲಿಂದಲೇ ಕೂಗಿದೆ.

"ಯಾರದು, ಸೆಗುಲಾನಾ?" ಎಂದ ಅಜ್ಜ.

"ಹೂಂ. ಬೇಗ ಮುಗಿಸಿ ಅಜ್ಜ, ಕಣ್ಣು ಎಳೀತಾ ಇದೆ."

"ದೋಣಿ ದಾಟಿ ಬರೋದೇನೂ ಬೇಡ ಮಗಾ. ಹಗ್ಗ ಒಂದು ಕಟ್ಕೋ, ಸಾಕು."

ಹಗ್ಗ ಬಂದು ಬಿತ್ತು. ಎದ್ದು ಕಟ್ಟಿದೆ. ಅಜ್ಜ ಪ್ರಾರ್ಥನೆ ಹೇಳಿದ, ನಾವೆಲ್ಲ "ಆಮೆನ್" ಎಂದೆವು. ಅಲೆ ಬಂದಾಗ ದೋಣಿಗಳೆಲ್ಲ ಒಟ್ಟಿಗೇ ಎದ್ದು ಒಟ್ಟಿಗೇ ಇಳಿದವು.

ಮುಗಿದ ಮೇಲೆ ನನ್ನ ಹಗ್ಗ ಬಿಚ್ಚಲು ಯಾರೂ ಬರಲಿಲ್ಲ. ನಾನೂ ಬಿಚ್ಚಲಿಲ್ಲ.