ಆಯುಧಪೂಜೆಯ ಫಲ

ಪ್ರಯೋಗಾಲಯದಲ್ಲಿ ಎಂಟು ತಿಂಗಳು ಪ್ರಯತ್ನಿಸಿದರೂ ಮೇದಿನಿಯ ಗಾಜಿನ ತಟ್ಟೆಯಲ್ಲಿ ರೋಗದ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನ ಕೋಶಗಳಿಗೆ ಅಂಟಿಕೊಂಡಿರಲಿಲ್ಲ. ಆಯುಧಪೂಜೆಯ ದಿನ ಅವಳ ಪ್ರೊಫೆಸರು ತಟ್ಟೆಯ ಮುಚ್ಚಳ ತೆಗೆಸಿ, ಪುಷ್ಕರಣಿಯಿಂದ ತಂದ ತೀರ್ಥ ಚಿಮುಕಿಸಿದರು. ಉಳಿದದ್ದನ್ನು ಭಕ್ತಿಯಿಂದ ತಾವೇ ಕುಡಿದರು.

ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾ ಕೋಶಗಳನ್ನು ಅಪ್ಪಿ ಹಿಡಿದಿದ್ದವು. ಕೆಲವು ಒಳಗೂ ನುಗ್ಗಿದ್ದವು.

"ನಿನಗೆ ನಂಬಿಕೆ ಇರಲಿಲ್ಲ, ಈಗ ನೋಡು," ಎಂದರು ಪ್ರೊಫೆಸರು. "ಪ್ರಬಂಧ ಬರೆಯೋಕೆ ಶುರು ಮಾಡು."

"ಯಾವ ತಳಿ ಅಂತ ಒಂದ್ಸಲ ಪರೀಕ್ಷೆ ಮಾಡ್ಬಿಡ್ತೀನಿ ಸಾರ್."

"ಮಾಡು. ದೇವರ ದಯೆ ಎಲ್ಲಿಗೆ ಹೋಗತ್ತೆ?"

ಎರಡು ದಿನ ಬಿಟ್ಟು ಅವಳು ವರದಿ ಹಿಡಿದು ಬಂದಾಗ ಪ್ರೊಫೆಸರು ಶೌಚಾಲಯದಲ್ಲಿದ್ದರು. ಮೇದಿನಿ ಹೊರಗೇ ನಿಂತು ಹೇಳಿದಳು:

"ಸಾರ್, ಅಂಟಿಕೊಂಡಿದ್ದು ನಮ್ಮ ಬ್ಯಾಕ್ಟೀರಿಯಾ ಅಲ್ಲ. ತೀರ್ಥದಲ್ಲಿ ಇದ್ದದ್ದು."

ಮುಚ್ಚಿದ ಬಾಗಿಲ ಹಿಂದಿನಿಂದ ಕ್ಷೀಣವಾದ ದನಿ ಬಂತು.

"ನಂಗೆ ನಿನ್ನೇನೇ ಗೊತ್ತಾಯ್ತಮ್ಮ."